‘ರೋಮಿಂಗ್ ಈಗ ಫ್ರೀ’ ಅನ್ನುವುದು ನಿಜವೇ? ವಿದೇಶಕ್ಕೆ ಹೊರಡುವ ಮುನ್ನ ತಿಳಿಯಬೇಕಾದ ಮೊಬೈಲ್ ಖರ್ಚಿನ ಲೆಕ್ಕ

ನಂಜನಗೂಡಿನಿಂದ ಗುಂಡ್ಲುಪೇಟೆ ದಾಟಿ ಸುಲ್ತಾನ್ ಬತ್ತೇರಿ ಕಡೆಗೆ ಹೋಗುವ 766ರ ಹೆದ್ದಾರಿಯಲ್ಲಿ ಹತ್ತು-ಹನ್ನೆರಡು ವರ್ಷದ ಹಿಂದೆ ಓಡಾಡಿದವರಿಗೆ ಒಂದು ವಿಷಯ ನೆನಪಿರಬಹುದು. ಕಾಡು ಮುಗಿದು ಕೇರಳದ ಸಿಗ್ನಲ್ ಸಿಕ್ಕ ಕೂಡಲೇ ಫೋನಿಗೆ ಒಂದು ಮೆಸೇಜು ಬರುತ್ತಿತ್ತು. ಅಲ್ಲಿಂದ ಮುಂದೆ ಮನೆಯಿಂದ ಕರೆ ಬಂದರೂ ಎತ್ತಲು ಹಿಂದೆ ಮುಂದೆ ನೋಡಬೇಕಿತ್ತು. ಏಕೆಂದರೆ ಬಂದ ಕರೆಗೂ ನಮ್ಮ ಬ್ಯಾಲೆನ್ಸಿನಿಂದಲೇ ದುಡ್ಡು ಹೋಗುತ್ತಿತ್ತು. ಅದಕ್ಕೆ ‘ರೋಮಿಂಗ್’ ಎಂದು ಹೆಸರು.

ಆ ಕಾಲ ಮುಗಿಯಿತು. 2015ರ ಜೂನ್ 15ರಿಂದ ಬಿಎಸ್‌ಎನ್‌ಎಲ್ ದೇಶದೊಳಗೆ ರೋಮಿಂಗ್‌ನಲ್ಲಿ ಬರುವ ಕರೆಗಳನ್ನು ಉಚಿತ ಮಾಡಿತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದಾಗ ದೇಶದೊಳಗೆ ರೋಮಿಂಗ್ ದರವೇ ಇರಲಿಲ್ಲ. 2017ರ ಏಪ್ರಿಲ್‌ನಿಂದ ಏರ್‌ಟೆಲ್ ಕೂಡ ಅದನ್ನು ತೆಗೆದುಹಾಕಿತು. ಈಗ ತಿ. ನರಸೀಪುರದ ಸಿಮ್ ಅನ್ನು ಕಾಶಿಯಲ್ಲಿ ಬಳಸಿದರೂ ಊರಿನ ದರವೇ.

ಎಡವಟ್ಟು ಆಗುವುದು ಇಲ್ಲೇ. ‘ರೋಮಿಂಗ್ ರದ್ದಾಗಿದೆ’ ಎಂಬ ಅರ್ಧ ಸತ್ಯ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಕಾಶಿಗೆ ಹೋದವರು ಹಾಗೇ ನೇಪಾಳದ ಪಶುಪತಿನಾಥನ ದರ್ಶನಕ್ಕೂ ಹೋಗುತ್ತಾರೆ. ಕೆಲವರು ಉಮ್ರಾ ಯಾತ್ರೆಗೆ ಹೊರಡುತ್ತಾರೆ. ಇನ್ನು ಕೆಲವರು ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೋ ಆಸ್ಟ್ರೇಲಿಯಾಕ್ಕೋ ಹಾರುತ್ತಾರೆ. ಜೇಬಿನಲ್ಲಿರುವುದು ಅದೇ ಸಿಮ್, ಅದೇ ಫೋನು. ಆದರೆ ದರ ಅದೇ ಅಲ್ಲ.

ಚಿಕ್ಕ ಉತ್ತರ

ರದ್ದಾಗಿರುವುದು ಭಾರತದೊಳಗಿನ ರೋಮಿಂಗ್ ಶುಲ್ಕ ಮಾತ್ರ. ದೇಶದ ಗಡಿ ದಾಟಿದರೆ, ಅದು ನೇಪಾಳವಾದರೂ ಸರಿ, ಅಂತಾರಾಷ್ಟ್ರೀಯ ರೋಮಿಂಗ್ ದರ ಬೀಳುತ್ತದೆ. ಹೊರಹೋಗುವ ಕರೆ, ಒಳಬರುವ ಕರೆ, ಇಂಟರ್‌ನೆಟ್ ಮೂರಕ್ಕೂ ದುಡ್ಡು. ನಿಮ್ಮ ಅನಿಯಮಿತ ಕರೆಯ ಪ್ಲಾನ್, ದಿನಕ್ಕೆ ಇಷ್ಟು ಜಿಬಿ ಎಂಬ ಪ್ಲಾನ್ ಸಾಮಾನ್ಯವಾಗಿ ಗಡಿಯಾಚೆ ಲೆಕ್ಕಕ್ಕೆ ಬರುವುದಿಲ್ಲ.

ನಿಮ್ಮ ಸಿಮ್ ವಿದೇಶದಲ್ಲಿ ಹೇಗೆ ಕೆಲಸ ಮಾಡುತ್ತದೆ?

ಪ್ರತಿ ಸಿಮ್ ಒಳಗೂ ಒಂದು ಗುಟ್ಟಿನ ಸಂಖ್ಯೆ ಇರುತ್ತದೆ. ಇದು ನಿಮ್ಮ ಹತ್ತಂಕಿಯ ಮೊಬೈಲ್ ನಂಬರ್ ಅಲ್ಲ. ಈ ಸಂಖ್ಯೆಯ ಮೊದಲ ಮೂರು ಅಂಕಿ ದೇಶವನ್ನು ಸೂಚಿಸುತ್ತವೆ. ಭಾರತಕ್ಕೆ 404 ಮತ್ತು 405, ನೇಪಾಳಕ್ಕೆ 429.

ನೀವು ಕಠ್ಮಂಡುವಿನಲ್ಲಿ ಇಳಿದು ಫೋನ್ ಆನ್ ಮಾಡಿದಿರಿ ಎನ್ನಿ. ಅಲ್ಲಿನ ಟವರ್ ನಿಮ್ಮ ಸಿಮ್‌ನ ಸಂಖ್ಯೆ ನೋಡಿ ‘ಇದು ಭಾರತದ ಗಿರಾಕಿ’ ಎಂದು ಗುರುತಿಸುತ್ತದೆ. ಕೂಡಲೇ ಭಾರತದಲ್ಲಿರುವ ನಿಮ್ಮ ಕಂಪನಿಯನ್ನು ಕೇಳುತ್ತದೆ: ಇವರು ನಿಮ್ಮವರೇ? ಸೇವೆ ಕೊಡಬಹುದೇ? ಇಲ್ಲಿಂದ ‘ಆಗಬಹುದು’ ಎಂಬ ಉತ್ತರ ಹೋದ ಮೇಲಷ್ಟೇ ಸಿಗ್ನಲ್ ಕಡ್ಡಿಗಳು ಮೂಡುತ್ತವೆ.

ಆಮೇಲೆ ನೀವು ಬಳಸಿದ ಪ್ರತಿ ನಿಮಿಷ, ಪ್ರತಿ ಎಂಬಿ ಅಲ್ಲಿನ ಕಂಪನಿಯ ಲೆಕ್ಕದಲ್ಲಿ ದಾಖಲಾಗುತ್ತದೆ. ಅವರು ಆ ಲೆಕ್ಕವನ್ನು ನಿಮ್ಮ ಕಂಪನಿಗೆ ಕಳಿಸುತ್ತಾರೆ. ನಿಮ್ಮ ಕಂಪನಿ ಅವರಿಗೆ ಸಗಟು ದರದಲ್ಲಿ ದುಡ್ಡು ಕಟ್ಟಿ, ನಿಮ್ಮಿಂದ ಚಿಲ್ಲರೆ ದರದಲ್ಲಿ ವಸೂಲಿ ಮಾಡುತ್ತದೆ. ಪರಊರಿನಲ್ಲಿ ನೆಂಟರ ಹೆಸರು ಹೇಳಿ ಅಂಗಡಿಯಲ್ಲಿ ಉದ್ರಿ ತಂದಂತೆ ಇದು. ಅಂಗಡಿಯವನು ನೆಂಟರಿಗೆ ಚೀಟಿ ಕಳಿಸುತ್ತಾನೆ, ನೆಂಟರು ನಿಮಗೆ ಲೆಕ್ಕ ಹೇಳುತ್ತಾರೆ. ನಡುವೆ ಇಬ್ಬರ ಲಾಭವೂ ಸೇರುತ್ತದೆ.

ಎರಡು ಕಂಪನಿಗಳ ನಡುವಿನ ಈ ಸಗಟು ದರ ಅವರವರ ಒಪ್ಪಂದಕ್ಕೆ ಬಿಟ್ಟದ್ದು. ಆದ್ದರಿಂದ ದೇಶದಿಂದ ದೇಶಕ್ಕೆ, ಕಂಪನಿಯಿಂದ ಕಂಪನಿಗೆ ದರ ಬೇರೆ. ಲೆಕ್ಕದ ಚೀಟಿ ತಡವಾಗಿ ಬರುವುದೂ ಉಂಟು. ಊರಿಗೆ ಬಂದು ಎಷ್ಟೋ ದಿನವಾದ ಮೇಲೆ ಪೋಸ್ಟ್‌ಪೇಯ್ಡ್ ಬಿಲ್ಲಿನಲ್ಲಿ ರೋಮಿಂಗ್ ಮೊತ್ತ ಕಾಣಿಸಿಕೊಳ್ಳುವುದು ಇದರಿಂದಲೇ.

ಕರೆ ಮಾಡಿದ್ದು ಅವರು, ದುಡ್ಡು ನನಗೇಕೆ?

ಇದು ಎಲ್ಲರೂ ಕೇಳುವ ಪ್ರಶ್ನೆ. ಅಪ್ಪ ಮೆಕ್ಕಾದಲ್ಲಿದ್ದಾರೆ, ಮಗ ನಂಜನಗೂಡಿನಿಂದ ಅಪ್ಪನ ಭಾರತದ ನಂಬರಿಗೆ ಕರೆ ಮಾಡುತ್ತಾನೆ. ಮಗನಿಗೆ ಅದು ಸ್ಥಳೀಯ ಕರೆ. ಅವನ ಪ್ಲಾನ್‌ನಲ್ಲೇ ಉಚಿತ. ಅಪ್ಪ ಎಲ್ಲಿದ್ದಾರೆ ಎಂಬುದು ಅವನ ಕಂಪನಿಯ ದರಪಟ್ಟಿಗೆ ಬೇಕಿಲ್ಲ.

ಆದರೆ ಆ ಕರೆ ಭಾರತದಲ್ಲಿ ಅಪ್ಪನ ಕಂಪನಿಗೆ ಬಂದು, ಅಲ್ಲಿಂದ ಸೌದಿಗೆ ಅಂತಾರಾಷ್ಟ್ರೀಯ ಕರೆಯಾಗಿ ಹೋಗಬೇಕು. ಆ ಎರಡನೇ ತುಂಡಿನ ಖರ್ಚು ಕರೆ ಸ್ವೀಕರಿಸಿದವರ ತಲೆಗೆ. ಹಾಗಾಗಿ ‘ನಾನು ಯಾರಿಗೂ ಕರೆ ಮಾಡಲೇ ಇಲ್ಲ, ಬಿಲ್ ಹೇಗೆ ಬಂತು’ ಎಂದರೆ ಉತ್ತರ ಇದು: ಬಂದ ಕರೆಗಳನ್ನು ಎತ್ತಿದ್ದರಿಂದ.

ಕರೆ ಎತ್ತದಿದ್ದರೆ ಸಾಮಾನ್ಯವಾಗಿ ದುಡ್ಡಿಲ್ಲ. ಆದರೆ ‘ಕರೆ ಎತ್ತದಿದ್ದರೆ ಬೇರೆ ನಂಬರಿಗೆ ಕಳಿಸು’ ಎಂಬ ಕಾಲ್ ಫಾರ್ವರ್ಡಿಂಗ್ ಆನ್ ಇದ್ದರೆ ಆ ಕರೆ ಭಾರತದಿಂದ ಹೊರಗೆ ಹೋಗಿ, ಮತ್ತೆ ಭಾರತಕ್ಕೆ ವಾಪಸ್ ಬರಬಹುದು. ಎರಡೂ ಸುತ್ತಿಗೆ ದರ ಬೀಳುವ ಸಾಧ್ಯತೆ ಇದೆ. ಹೊರಡುವ ಮುನ್ನ ಅದನ್ನು ಆಫ್ ಮಾಡುವುದು ಒಳ್ಳೆಯದು.

ಊರಲ್ಲಿರುವವರಿಗೂ ಒಂದು ಮಾತು. ಯಾತ್ರೆಗೆ ಹೋದವರ ಹಳೆಯ ನಂಬರಿಗೆ ‘ಊಟ ಆಯ್ತಾ’ ಎಂದು ಕೇಳಲು ಕರೆ ಮಾಡಬೇಡಿ. ವಾಟ್ಸಾಪ್‌ನಲ್ಲಿ ಒಂದು ಮೆಸೇಜು ಹಾಕಿ. ವೈಫೈ ಸಿಕ್ಕಾಗ ಅವರೇ ಮಾತಾಡುತ್ತಾರೆ.

ನಿಜವಾಗಿ ದುಡ್ಡು ನುಂಗುವುದು ಇಂಟರ್‌ನೆಟ್

ಕರೆಗಾದರೆ ನಾವು ಎತ್ತಬೇಕು, ಮಾತಾಡಬೇಕು. ಇಂಟರ್‌ನೆಟ್ ಹಾಗಲ್ಲ. ಫೋನು ಜೇಬಿನಲ್ಲಿ ಸುಮ್ಮನೆ ಇದ್ದರೂ ಒಳಗೆ ಕೆಲಸ ನಡೆಯುತ್ತಲೇ ಇರುತ್ತದೆ. ಆ್ಯಪ್‌ಗಳು ಅಪ್‌ಡೇಟ್ ಆಗುತ್ತವೆ, ಫೋಟೊಗಳು ಬ್ಯಾಕಪ್ ಆಗುತ್ತವೆ. ವಾಟ್ಸಾಪ್ ಗ್ರೂಪ್‌ಗಳಿಗೆ ಬಂದ ಶುಭೋದಯದ ವಿಡಿಯೊಗಳು ತಾವಾಗೇ ಡೌನ್‌ಲೋಡ್ ಆಗುತ್ತವೆ.

ಒಂದು ಲೆಕ್ಕ ನೋಡೋಣ. ವಾಟ್ಸಾಪ್ ವಿಡಿಯೊ ಕರೆಗೆ ನಿಮಿಷಕ್ಕೆ ಸುಮಾರು 5 ಎಂಬಿ ಬೇಕು ಎನ್ನಿ. 20 ನಿಮಿಷ ಮಾತಾಡಿದರೆ 100 ಎಂಬಿ. ಪ್ಯಾಕ್ ಇಲ್ಲದೆ ಬಳಸಿದಾಗ ದರವನ್ನು ಎಂಬಿ ಲೆಕ್ಕದಲ್ಲೋ ಕೆಬಿ ಲೆಕ್ಕದಲ್ಲೋ ಹಾಕುತ್ತಾರೆ. ಉದಾಹರಣೆಗೆಂದು ಎಂಬಿಗೆ 50 ರೂಪಾಯಿ ಎಂದಿಟ್ಟುಕೊಳ್ಳಿ. 100 ಎಂಬಿಗೆ 5,000 ರೂಪಾಯಿ! ಮೊಮ್ಮಗುವಿಗೆ ಪಶುಪತಿನಾಥ ದೇವಸ್ಥಾನದ ಗೋಪುರ ತೋರಿಸಿದ ಒಂದೇ ಒಂದು ಕರೆಗೆ ಇಷ್ಟು. ಊರಿನಲ್ಲಿ ಅದೇ 100 ಎಂಬಿ ನಮ್ಮ ದಿನದ ಕೋಟಾದ ಒಂದು ಮೂಲೆಗೂ ಸಾಲದು.

‘ವಾಟ್ಸಾಪ್ ಕರೆ ಫ್ರೀ’ ಎಂದರೆ ವಾಟ್ಸಾಪ್ ಕಂಪನಿ ದುಡ್ಡು ಕೇಳುವುದಿಲ್ಲ ಎಂದಷ್ಟೇ ಅರ್ಥ. ಅದಕ್ಕೆ ಬೇಕಾದ ಇಂಟರ್‌ನೆಟ್‌ಗೆ ನೀವೇ ಕೊಡಬೇಕು. ವೈಫೈಯಲ್ಲಿದ್ದರೆ ಚಿಂತೆಯಿಲ್ಲ, ರೋಮಿಂಗ್ ಡೇಟಾದಲ್ಲಿದ್ದರೆ ಚಿಂತೆ ಮಾಡಲೇಬೇಕು.

ಪ್ರೀಪೇಯ್ಡ್‌ನಲ್ಲಿ ಬ್ಯಾಲೆನ್ಸ್ ಮುಗಿದರೆ ಸೇವೆ ನಿಲ್ಲುತ್ತದೆ, ನಷ್ಟಕ್ಕೆ ಒಂದು ಮಿತಿ ಇದೆ. ಪೋಸ್ಟ್‌ಪೇಯ್ಡ್‌ನಲ್ಲಿ ಮೊತ್ತ ಬೆಳೆಯುತ್ತಾ ಹೋಗಬಹುದು. ಇದನ್ನೇ ‘ಬಿಲ್ ಶಾಕ್’ ಎನ್ನುವುದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2020ರಲ್ಲಿ ಅಂತಾರಾಷ್ಟ್ರೀಯ ರೋಮಿಂಗ್ ಬಗ್ಗೆ ಸಮಾಲೋಚನಾ ಪತ್ರ ಹೊರಡಿಸಿದಾಗ ಈ ತೊಂದರೆಯನ್ನೇ ಮುಂದಿಟ್ಟಿತ್ತು.

ಕೇಳಿಬರುವ ಮಾತುಗಳು, ಅವುಗಳ ನಿಜಾಂಶ

*‘ನೇಪಾಳಕ್ಕೆ ಪಾಸ್‌ಪೋರ್ಟ್ ಬೇಡ, ಹಾಗಾಗಿ ರೋಮಿಂಗೂ ಇಲ್ಲ’*
ತಪ್ಪು. ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡ, ಮತದಾರರ ಗುರುತಿನ ಚೀಟಿ ಇದ್ದರೂ ಹೋಗಬಹುದು ಎಂಬುದು ನಿಜ. ಆದರೆ ಅಲ್ಲಿನ ಮೊಬೈಲ್ ಕಂಪನಿಗಳು ಬೇರೆ, ದೇಶದ ಸಂಕೇತವೂ ಬೇರೆ: +977. ಭೂತಾನಕ್ಕೂ ಇದೇ ಮಾತು ಅನ್ವಯಿಸುತ್ತದೆ.

*‘ಯುರೋಪಿನಲ್ಲಿ ರೋಮಿಂಗ್ ರದ್ದು ಮಾಡಿದ್ದಾರೆ’*
ಅರ್ಧ ನಿಜ. 2017ರ ಜೂನ್ 15ರಿಂದ ಐರೋಪ್ಯ ಒಕ್ಕೂಟದಲ್ಲಿ ‘ಮನೆಯಲ್ಲಿದ್ದಂತೆಯೇ ಬಳಸಿ’ ಎಂಬ ನಿಯಮ ಬಂತು. 2022ರಲ್ಲಿ ಅದನ್ನು 2032ರವರೆಗೆ ವಿಸ್ತರಿಸಿದರು. ಆದರೆ ಅದು ಅಲ್ಲಿನ ಸಿಮ್ ಇರುವವರಿಗೆ ಮಾತ್ರ. ಜರ್ಮನಿಯ ಸಿಮ್ ಫ್ರಾನ್ಸಿನಲ್ಲಿ ಅದೇ ದರದಲ್ಲಿ ನಡೆಯುತ್ತದೆ, ನಂಜನಗೂಡಿನ ಸಿಮ್ ನಡೆಯುವುದಿಲ್ಲ.

*‘ವಿದೇಶಿ ನಂಬರಿನಿಂದ ಬಂದ ಕರೆ ಎತ್ತಿದರೆ ಬ್ಯಾಲೆನ್ಸ್ ಖಾಲಿ’*
ನೀವು ಭಾರತದಲ್ಲೇ ಇದ್ದರೆ ಒಳಬರುವ ಕರೆಗೆ ದುಡ್ಡಿಲ್ಲ, ಅದು ಯಾವ ದೇಶದ್ದಾದರೂ ಸರಿ. ದುಡ್ಡು ಹೋಗುವುದು ಗುರುತಿಲ್ಲದ ಮಿಸ್ಡ್ ಕಾಲ್ ನೋಡಿ ತಿರುಗಿ ಕರೆ ಮಾಡಿದರೆ. ಅದು ಐಎಸ್‌ಡಿ ಕರೆ. ಹಾಗೆ ತಿರುಗಿ ಕರೆ ಮಾಡಲೆಂದೇ ಮಿಸ್ಡ್ ಕಾಲ್ ಕೊಡುವ ಮೋಸವೂ ಇದೆ.

*‘ಅಲ್ಲಿನ ಸಿಮ್ ಹಾಕಿದರೆ ನನ್ನ ವಾಟ್ಸಾಪ್ ಹೋಗಿಬಿಡುತ್ತದೆ’*
ಹೋಗುವುದಿಲ್ಲ. ಹೊಸ ಸಿಮ್ ಹಾಕಿದಾಗ ‘ನಂಬರ್ ಬದಲಿಸಬೇಕೇ’ ಎಂದು ವಾಟ್ಸಾಪ್ ಕೇಳಿದರೆ ಬೇಡ ಎನ್ನಿ. ಹಳೆಯ ನಂಬರಿನಲ್ಲೇ ಅದು ಮುಂದುವರಿಯುತ್ತದೆ. ಆದರೆ ವಿದೇಶದಲ್ಲಿದ್ದಾಗ ಆ್ಯಪ್ ಅಳಿಸಿ ಮತ್ತೆ ಹಾಕಬೇಡಿ. ಆಗ ಹಳೆಯ ನಂಬರಿಗೆ ಕೋಡ್ ಬರುತ್ತದೆ, ಸಿಮ್ ಕೆಲಸ ಮಾಡದಿದ್ದರೆ ಪೇಚಾಟ.

*‘ದುಬೈಗೆ ಹೋದರೆ ವಾಟ್ಸಾಪ್‌ನಲ್ಲೇ ಮಾತಾಡಬಹುದು’*
ಮೆಸೇಜು ಹೋಗುತ್ತದೆ. ಆದರೆ ಯುಎಇಯಲ್ಲಿ ಅಲ್ಲಿನ ಇಂಟರ್‌ನೆಟ್ ಮೂಲಕ ವಾಟ್ಸಾಪ್ ಧ್ವನಿ ಮತ್ತು ವಿಡಿಯೊ ಕರೆಗಳಿಗೆ ನಿರ್ಬಂಧ ಇದೆ. ಅಲ್ಲಿ ಕೆಲಸದಲ್ಲಿರುವ ನಮ್ಮವರು ಬೋಟಿಮ್‌ನಂಥ ಅನುಮತಿ ಪಡೆದ ಆ್ಯಪ್ ಬಳಸುತ್ತಾರೆ. ಹೊರಡುವ ಮುನ್ನವೇ ಮನೆಯವರ ಫೋನಿಗೂ ಅದನ್ನು ಹಾಕಿಸಿಡಿ.

ರಾಮೇಶ್ವರಕ್ಕೆ ಹೋದವರಿಗೆ ಶ್ರೀಲಂಕಾದ ಸ್ವಾಗತ!

ವಿದೇಶಕ್ಕೆ ಹೋಗದೆಯೂ ವಿದೇಶಿ ನೆಟ್‌ವರ್ಕ್ ಸಿಗುವ ಜಾಗಗಳಿವೆ. ರಾಮೇಶ್ವರದ ಧನುಷ್ಕೋಟಿ ಅಂಥದ್ದು. ಅಲ್ಲಿಂದ ಶ್ರೀಲಂಕಾದ ತಲೈಮನ್ನಾರ್ ಸುಮಾರು 30 ಕಿ.ಮೀ. ದೂರ. ನಡುವೆ ಬೆಟ್ಟವಿಲ್ಲ, ಕಟ್ಟಡವಿಲ್ಲ, ಬರೀ ಸಮುದ್ರ. ನಮ್ಮ ಸಿಗ್ನಲ್ ಕಡಿಮೆ ಇದ್ದಾಗ ಫೋನು ಆ ಕಡೆಯ ಟವರ್ ಹಿಡಿದು ‘ಶ್ರೀಲಂಕಾಕ್ಕೆ ಸ್ವಾಗತ’ ಎಂಬ ಮೆಸೇಜು ಬರುತ್ತದೆ. ನೇಪಾಳ ಗಡಿಯ ಸುನೌಲಿ, ರಕ್ಸೌಲ್ ಕಡೆಯೂ ಹೀಗಾಗಬಹುದು.

ನಿಮ್ಮ ಸಿಮ್‌ನಲ್ಲಿ ಅಂತಾರಾಷ್ಟ್ರೀಯ ರೋಮಿಂಗ್ ಸೇವೆ ಚಾಲೂ ಇಲ್ಲದಿದ್ದರೆ ಭಯಪಡಬೇಕಿಲ್ಲ, ಆ ಟವರ್ ನಿಮಗೆ ಸೇವೆ ಕೊಡುವುದಿಲ್ಲ. ಚಾಲೂ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ‘ಡೇಟಾ ರೋಮಿಂಗ್’ ಆಫ್ ಮಾಡಿ, ನೆಟ್‌ವರ್ಕ್ ಆಯ್ಕೆಯಲ್ಲಿ ನಿಮ್ಮ ಕಂಪನಿಯ ಹೆಸರನ್ನೇ ಆರಿಸಿ.

ಇದಕ್ಕೆ ವಿರುದ್ಧವಾದ ಇನ್ನೊಂದು ಜಾಗ ಜಮ್ಮು-ಕಾಶ್ಮೀರ. ಅದು ಭಾರತವೇ, ಆದರೂ ಭದ್ರತಾ ಕಾರಣಕ್ಕೆ ಹೊರರಾಜ್ಯದ ಪ್ರೀಪೇಯ್ಡ್ ಸಿಮ್‌ಗಳು ಅಲ್ಲಿ ನಡೆಯದ ವ್ಯವಸ್ಥೆ ಬಹುಕಾಲದಿಂದ ಇದೆ. ವೈಷ್ಣೋದೇವಿ, ಅಮರನಾಥಕ್ಕೆ ಹೊರಟವರು ಗುಂಪಿನಲ್ಲಿ ಒಬ್ಬರಾದರೂ ಪೋಸ್ಟ್‌ಪೇಯ್ಡ್ ನಂಬರ್ ಇರುವಂತೆ ನೋಡಿಕೊಳ್ಳಿ.

ಇರುವ ದಾರಿಗಳು ನಾಲ್ಕು

1. ನಿಮ್ಮ ಕಂಪನಿಯ ರೋಮಿಂಗ್ ಪ್ಯಾಕ್. ಸಿಮ್ ಬದಲಿಸುವ ತಲೆನೋವಿಲ್ಲ, ಒಟಿಪಿ ಬರುತ್ತದೆ. ನಾಲ್ಕೈದು ದಿನದ ಯಾತ್ರೆಗೆ, ಫೋನಿನ ಸೆಟ್ಟಿಂಗ್ಸ್ ಗೊತ್ತಿಲ್ಲದ ಹಿರಿಯರಿಗೆ ಇದು ಸುಲಭ. ಕೊಳ್ಳುವ ಮುನ್ನ ಮೂರು ವಿಷಯ ನೋಡಿ: ನೀವು ಹೋಗುವ ದೇಶ ಪಟ್ಟಿಯಲ್ಲಿದೆಯೇ, ಒಳಬರುವ ಕರೆಯೂ ಸೇರಿದೆಯೇ, ದಿನಗಳ ಎಣಿಕೆ ಯಾವಾಗಿನಿಂದ ಶುರು. ಕೆಲವು ಪ್ಯಾಕ್‌ಗಳು ರೀಚಾರ್ಜ್ ಮಾಡಿದ ಗಳಿಗೆಯಿಂದ ಶುರುವಾದರೆ, ಕೆಲವು ವಿದೇಶಿ ನೆಟ್‌ವರ್ಕ್ ಸಿಕ್ಕ ಮೇಲೆ ಶುರುವಾಗುತ್ತವೆ. ವಿಮಾನ ಬದಲಿಸಲು ನಡುವೆ ಇಳಿಯುವ ದೇಶ ಪಟ್ಟಿಯಲ್ಲಿ ಇಲ್ಲದಿದ್ದರೆ ಅಲ್ಲಿ ಡೇಟಾ ರೋಮಿಂಗ್ ಆಫ್ ಇರಲಿ.

2. ಆ ದೇಶದ ಸಿಮ್. ಹೆಚ್ಚು ದಿನ ಇರುವವರಿಗೆ ಸಾಮಾನ್ಯವಾಗಿ ಇದೇ ಅಗ್ಗ. ಗುರುತಿನ ದಾಖಲೆ ಬೇಕಾಗುತ್ತದೆ, ಪಾಸ್‌ಪೋರ್ಟ್ ಕೈಯಲ್ಲಿರಲಿ. ಎರಡು ಸಿಮ್ ಹಾಕುವ ಫೋನಿದ್ದರೆ ಒಂದರಲ್ಲಿ ಊರಿನ ಸಿಮ್, ಇನ್ನೊಂದರಲ್ಲಿ ಅಲ್ಲಿನದು. ಇಂಟರ್‌ನೆಟ್‌ಗೆ ಅಲ್ಲಿನ ಸಿಮ್ ಅನ್ನೇ ಆರಿಸಿ.

3. ಇ-ಸಿಮ್. ಪ್ಲಾಸ್ಟಿಕ್ ಸಿಮ್ ಬೇಡ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸಾಕು. ಹೊರಡುವ ಮೊದಲೇ ಮನೆಯಲ್ಲೇ ಹಾಕಿಕೊಳ್ಳಬಹುದು. ಆದರೆ ನಿಮ್ಮ ಫೋನಿಗೆ ಆ ಸೌಲಭ್ಯ ಇರಬೇಕು. ಪ್ರವಾಸಿಗರಿಗೆಂದು ಮಾರುವ ಬಹಳಷ್ಟು ಇ-ಸಿಮ್‌ಗಳಲ್ಲಿ ಇಂಟರ್‌ನೆಟ್ ಮಾತ್ರ ಇರುತ್ತದೆ, ಕರೆಯ ನಂಬರ್ ಇರುವುದಿಲ್ಲ.

4. ಬರೀ ವೈಫೈ. ಹೋಟೆಲ್, ಮಗನ ಮನೆ, ವಿಮಾನ ನಿಲ್ದಾಣದ ವೈಫೈ ಸಾಕು ಎನ್ನುವವರು ಡೇಟಾ ರೋಮಿಂಗ್ ಆಫ್ ಮಾಡಿ ನಿಶ್ಚಿಂತೆಯಿಂದ ಇರಬಹುದು. ಬೀದಿಯಲ್ಲಿ ದಾರಿ ತಪ್ಪಿದರೆ ಮಾತ್ರ ಕಷ್ಟ. ಆ ಊರಿನ ಮ್ಯಾಪ್ ಅನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಸಾರ್ವಜನಿಕ ವೈಫೈಯಲ್ಲಿ ಬ್ಯಾಂಕ್ ವ್ಯವಹಾರ ಬೇಡ.

ಕೈಲಾಸ ಮಾನಸ ಸರೋವರಕ್ಕೆ ಹೋಗುವವರು ಒಂದು ವಿಶೇಷ ಗಮನಿಸಬೇಕು. ಆ ಜಾಗ ಚೀನಾದ ಆಡಳಿತದಲ್ಲಿದೆ, ಅಲ್ಲಿನ ಇಂಟರ್‌ನೆಟ್‌ನಲ್ಲಿ ವಾಟ್ಸಾಪ್, ಗೂಗಲ್ ನಿರ್ಬಂಧಿತ. ಆದರೆ ರೋಮಿಂಗ್‌ನಲ್ಲಿರುವ ಸಿಮ್‌ನ ಇಂಟರ್‌ನೆಟ್ ಸಾಮಾನ್ಯವಾಗಿ ಊರಿನ ಕಂಪನಿಯ ಮೂಲಕವೇ ಸುತ್ತಿ ಬರುತ್ತದೆ. ಹಾಗಾಗಿ ಅಲ್ಲಿನ ಸಿಮ್‌ನಲ್ಲಿ ತೆರೆಯದ ಆ್ಯಪ್ ರೋಮಿಂಗ್ ಸಿಮ್‌ನಲ್ಲಿ ತೆರೆಯುವುದುಂಟು. ಅಗ್ಗದ್ದೇ ಯಾವಾಗಲೂ ಅನುಕೂಲದ್ದಲ್ಲ ಎನ್ನಲು ಇದೊಂದು ಉದಾಹರಣೆ.

ಅಮೆರಿಕಕ್ಕೆ ಹೋಗುವ ಹಿರಿಯರ ಹಳೆಯ ಕೀಪ್ಯಾಡ್ ಫೋನ್ ಅಲ್ಲಿ ನಡೆಯದೇ ಇರಬಹುದು. ಅಲ್ಲಿನ ದೊಡ್ಡ ಕಂಪನಿಗಳು 2022ರಲ್ಲೇ 3ಜಿ ಮುಚ್ಚಿವೆ. 4ಜಿಯಲ್ಲಿ ಕರೆ ಮಾಡಬಲ್ಲ ಫೋನ್ ಒಯ್ಯಿರಿ.

ದುಡ್ಡಿಗಿಂತ ದೊಡ್ಡ ತೊಂದರೆ: ಒಟಿಪಿ ಮತ್ತು ನಂಬರ್ ಕಳೆದುಕೊಳ್ಳುವುದು

ಖರ್ಚಿಗೆ ಹೆದರಿ ಕೆಲವರು ಊರಿನ ಸಿಮ್ ತೆಗೆದು ಪರ್ಸಿನಲ್ಲಿಟ್ಟುಬಿಡುತ್ತಾರೆ. ಆಗ ಪಿಂಚಣಿ ಖಾತೆಯ ಒಟಿಪಿ ಬರುವುದಿಲ್ಲ. ಬ್ಯಾಂಕಿನಿಂದ ಬರುವ ಎಚ್ಚರಿಕೆಯ ಮೆಸೇಜೂ ಸಿಗುವುದಿಲ್ಲ.

ನಮ್ಮ ಕಂಪನಿಗಳ ರೋಮಿಂಗ್‌ನಲ್ಲಿ ಒಳಬರುವ ಎಸ್ಸೆಮ್ಮೆಸ್‌ಗೆ ಸಾಮಾನ್ಯವಾಗಿ ಶುಲ್ಕವಿಲ್ಲ. ಆದರೆ ಅದು ಬರಬೇಕಾದರೆ ಸಿಮ್ ಫೋನಿನಲ್ಲಿರಬೇಕು, ಅಂತಾರಾಷ್ಟ್ರೀಯ ರೋಮಿಂಗ್ ಚಾಲೂ ಆಗಿರಬೇಕು. ಹಾಗಾಗಿ ಸರಿಯಾದ ಕ್ರಮ ಇಷ್ಟು: ರೋಮಿಂಗ್ ಸೇವೆ ಚಾಲೂ, ಡೇಟಾ ರೋಮಿಂಗ್ ಆಫ್, ಬೇಡದ ಕರೆ ಎತ್ತಬೇಡಿ.

ಆರು ತಿಂಗಳು ಮಕ್ಕಳ ಮನೆಯಲ್ಲಿ ಇರುವವರಿಗೆ ಇನ್ನೂ ದೊಡ್ಡ ಅಪಾಯವಿದೆ. ಟ್ರಾಯ್ ನಿಯಮದಂತೆ ಪ್ರೀಪೇಯ್ಡ್ ನಂಬರನ್ನು ಬಳಸಲಿಲ್ಲ ಎಂಬ ಕಾರಣಕ್ಕೆ 90 ದಿನದೊಳಗೆ ರದ್ದು ಮಾಡುವಂತಿಲ್ಲ. 90 ದಿನ ದಾಟಿದ ಮೇಲೆ ಖಾತೆಯಲ್ಲಿ 20 ರೂಪಾಯಿಯೂ ಇಲ್ಲದಿದ್ದರೆ ನಂಬರ್ ಕೈತಪ್ಪಬಹುದು. ರದ್ದಾದ ನಂಬರ್ ಕೆಲಕಾಲದ ನಂತರ ಬೇರೆಯವರಿಗೆ ಹೋಗುತ್ತದೆ. ಆಗ ನಿಮ್ಮ ಬ್ಯಾಂಕಿನ ಒಟಿಪಿ ಯಾರದೋ ಫೋನಿಗೆ!

ಊರಿನಲ್ಲಿ ಇರುವ ಮಗನೋ ಅಳಿಯನೋ ತಪ್ಪದೆ ರೀಚಾರ್ಜ್ ಮಾಡುತ್ತಿರಲಿ. ತಿಂಗಳಿಗೊಮ್ಮೆ ಆ ನಂಬರಿನಿಂದ ಒಂದು ಎಸ್ಸೆಮ್ಮೆಸ್ ಕಳಿಸಿದರೂ ಬಳಕೆ ಎಂದು ದಾಖಲಾಗುತ್ತದೆ. ಅದರ ದರ ಮೊದಲೇ ಕೇಳಿಕೊಳ್ಳಿ.

ಹೊರಡುವ ಹಿಂದಿನ ದಿನ ಮಾಡಬೇಕಾದ್ದು

- ಕಂಪನಿಯ ಆ್ಯಪ್‌ನಲ್ಲಿ ಅಥವಾ ಅಂಗಡಿಯಲ್ಲಿ ಅಂತಾರಾಷ್ಟ್ರೀಯ ರೋಮಿಂಗ್ ಚಾಲೂ ಮಾಡಿಸಿ. ಗಡಿ ದಾಟಿದ ಮೇಲೆ ಇದು ಕಷ್ಟ.
- ಪ್ಯಾಕ್ ಕೊಂಡರೆ ಅದರ ವಿವರದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.
- ಪೋಸ್ಟ್‌ಪೇಯ್ಡ್ ಆದರೆ ಬಿಲ್ಲಿನ ಮಿತಿ ಎಷ್ಟು ಎಂದು ಕೇಳಿ, ಬೇಕಿದ್ದರೆ ಕಡಿಮೆ ಮಾಡಿಸಿ.
- ವಾಟ್ಸಾಪ್‌ನಲ್ಲಿ ಫೋಟೊ, ವಿಡಿಯೊ ತಾವಾಗೇ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ.
- ಆ್ಯಪ್ ಅಪ್‌ಡೇಟ್ ಮತ್ತು ಫೋಟೊ ಬ್ಯಾಕಪ್ ವೈಫೈಯಲ್ಲಿ ಮಾತ್ರ ಎಂದು ಬದಲಿಸಿ.
- ಕಾಲ್ ಫಾರ್ವರ್ಡಿಂಗ್ ಆಫ್ ಮಾಡಿ.
- ಬ್ಯಾಂಕಿನಲ್ಲಿ ಇಮೇಲ್ ವಿಳಾಸ ಸರಿಯಿದೆಯೇ ನೋಡಿ.
- ವಿಮಾನದಲ್ಲಿ ಏರೋಪ್ಲೇನ್ ಮೋಡ್ ಮರೆಯಬೇಡಿ. ಕೆಲವು ವಿಮಾನ ಮತ್ತು ಹಡಗುಗಳಲ್ಲಿ ಉಪಗ್ರಹದ ಮೂಲಕ ನಡೆಯುವ ಅವರದೇ ನೆಟ್‌ವರ್ಕ್ ಇರುತ್ತದೆ. ಬಹಳಷ್ಟು ದೇಶದ ಪ್ಯಾಕ್‌ಗಳಲ್ಲಿ ಅದು ಸೇರಿರುವುದಿಲ್ಲ.
- ಮನೆಯವರ ನಂಬರುಗಳನ್ನು +91 ಹಾಕಿ ಸೇವ್ ಮಾಡಿ, ಒಂದು ಚೀಟಿಯಲ್ಲೂ ಬರೆದಿಡಿ.

ಆದರೂ ದೊಡ್ಡ ಬಿಲ್ ಬಂದರೆ?

ಮೊದಲು ಕಂಪನಿಯ ಗ್ರಾಹಕ ಸೇವೆಗೆ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ. ಯಾವ ದಿನ, ಯಾವ ದೇಶದಲ್ಲಿ, ಎಷ್ಟು ಬಳಕೆ ಎಂಬ ವಿವರ ಕೇಳಿ. ಉತ್ತರ ಸಮಾಧಾನ ತರದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ. ಟ್ರಾಯ್ ನಿಯಮ ಮಾಡುತ್ತದೆಯೇ ಹೊರತು ಒಬ್ಬೊಬ್ಬರ ದೂರನ್ನು ಬಗೆಹರಿಸುವುದಿಲ್ಲ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಟೆಲಿಕಾಂ ದೂರುಗಳನ್ನು ಗ್ರಾಹಕರ ಆಯೋಗ ಕೇಳುವಂತಿಲ್ಲ ಎಂಬ ವಾದವನ್ನು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ಒಪ್ಪಲಿಲ್ಲ. ಪ್ಯಾಕ್‌ನ ಸ್ಕ್ರೀನ್‌ಶಾಟ್ ಆಗ ಕೆಲಸಕ್ಕೆ ಬರುತ್ತದೆ.

ಕೊನೆಗೆ

‘ರೋಮಿಂಗ್ ಫ್ರೀ’ ಎಂಬ ಮಾತು ಭಾರತದೊಳಗೆ ನಿಜ, ಗಡಿಯಾಚೆ ಸುಳ್ಳು. ಖರ್ಚು ಉಳಿಸಲು ಫೋನ್ ಮುಚ್ಚಿಡಬೇಕಿಲ್ಲ, ಎರಡು ಸೆಟ್ಟಿಂಗ್ಸ್ ಮತ್ತು ಒಂದು ಸರಿಯಾದ ಪ್ಯಾಕ್ ಸಾಕು. ನಿಮ್ಮ ಮನೆಯಿಂದಲೋ ಬೀದಿಯಿಂದಲೋ ಯಾರಾದರೂ ಮುಂದಿನ ತಿಂಗಳು ವಿಮಾನ ಹತ್ತುವವರಿದ್ದರೆ ಇದನ್ನು ಅವರಿಗೆ ಫಾರ್ವರ್ಡ್ ಮಾಡಿ. ಹಿರಿಯರಾಗಿದ್ದರೆ ಫಾರ್ವರ್ಡ್ ಮಾಡಿ ಸುಮ್ಮನಾಗಬೇಡಿ, ಅವರ ಫೋನ್ ಕೈಗೆ ತೆಗೆದುಕೊಂಡು ಡೇಟಾ ರೋಮಿಂಗ್ ಆಫ್ ಇದೆಯೇ ಎಂದು ನೀವೇ ನೋಡಿ ಕೊಡಿ.